ಹೆಸರು ಹಿಡಿದು ಕರೆದದ್ದು

ನಮ್ಮವರು ಹೊಸನಗರದ ಶಾಲೆಯಲ್ಲಿ ಮೇಷ್ಟ್ರು. ನಕಾಶೆ ತೂಗುಹಾಕಿ ಮಕ್ಕಳಿಗೆ ಸಮುದ್ರ ಕಲಿಸುತ್ತಿದ್ದರು, ತಾವು ಮಾತ್ರ ಸಮುದ್ರ ಕಂಡಿರಲಿಲ್ಲ. ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ಅರವತ್ತರ ದಶಕದ ಮೊದಲ ವರ್ಷಗಳು, ಶರಾವತಿಗೆ ದೊಡ್ಡ ಅಣೆಕಟ್ಟು ಇನ್ನೂ ಏಳುತ್ತಿದ್ದ ಕಾಲ. ಒಂದು ದಿನ ಊಟಕ್ಕೆ ಕೂತವರು ಇದ್ದಕ್ಕಿದ್ದಂತೆ, "ಕಾಣದ್ದನ್ನ ಎಷ್ಟು ದಿನ ಅಂತ ಹೇಳಿಕೊಡ್ಲಿ ಮಾರಾಯ್ತಿ? ನಾಚಿಕೆ ಆಗ್ತದೆ" ಅಂದರು. ನನಗೆ ನಗು ಬಂತು. ಹಾಗೆ ನೋಡಿದರೆ ಅವರು ಹಿಮಾಲಯವನ್ನೂ ಕಲಿಸುತ್ತಿದ್ದರು.

ಸಾಗರ ಪೇಟೆಯಲ್ಲಿ ಅವರಿಗೆ ಗುರುತಿನ ಉಪ್ಪಿನ ವ್ಯಾಪಾರಿಯೊಬ್ಬರಿದ್ದರು. ಅವರ ಮಾತಿನ ಮೇಲೆ ಹೊನ್ನಾವರದ ಒಂದು ಮಚವೆಯಲ್ಲಿ ನಮಗೆ ಜಾಗ ಸಿಕ್ಕಿತು. ಮಚವೆ ಎಂದರೆ ಹಾಯಿ ಕಟ್ಟಿದ ದೊಡ್ಡ ಸರಕಿನ ದೋಣಿ. ಉಪ್ಪು ತುಂಬಿಕೊಂಡು ದಂಡೆಗುಂಟ ಭಟ್ಕಳ, ಗಂಗೊಳ್ಳಿ ಎಂದು ಇಳಿಸುತ್ತ ಹೋಗುವಂಥದ್ದು. ಗಂಗೊಳ್ಳಿಯಲ್ಲಿ ನಾವಿಳಿದು, ಬಸ್ಸಿನಲ್ಲಿ ಆಗುಂಬೆ ಘಾಟಿ ಹತ್ತಿ, ತೀರ್ಥಹಳ್ಳಿಯ ನನ್ನ ತವರಿಗೆ ಹೋಗಿ ಮನೆ ಸೇರುವುದು ಎಂದಾಯಿತು. ಡಿಸೆಂಬರಿನ ರಜೆ ಬಂದದ್ದೇ ಸಾಗರ, ಜೋಗ ದಾಟಿ ಘಾಟಿ ಇಳಿದುಬಿಟ್ಟೆವು.

ಹೊನ್ನಾವರದಲ್ಲಿ ಮಚವೆ ಹತ್ತುವಾಗ ನಮ್ಮವರು ಬಾಳೆಹಣ್ಣು ತರಲು ಹೋಗಿದ್ದರು. ಮಚವೆ ನಡೆಸುವ ತಂಡೇಲ ಮುದುಕ. ಬೀಡಿ ಸೇದಿ ಸೇದಿ ಅವನ ಗಂಟಲು ಒಡೆದ ಮಡಕೆಯಂತಾಗಿತ್ತು. "ಯಜಮಾನ್ರ ಹೆಸ್ರೇನಮ್ಮ?" ಎಂದು ಕೇಳಿದ. ನಾನು ಸೆರಗು ಎಳೆದುಕೊಂಡು, "ಮೇಷ್ಟ್ರು" ಅಂದೆ. ಗಂಡನ ಹೆಸರು ಬಾಯಲ್ಲಿ ಬಂದರೆ ಗಂಡನ ಆಯುಸ್ಸು ಸವೆಯುತ್ತದೆ ಎಂದು ಅಮ್ಮ ಮದುವೆಯ ಹಸೆಯ ಮೇಲೇ ಕಿವಿಯಲ್ಲಿ ಹೇಳಿದ್ದಳು. ತಂಡೇಲ ನಕ್ಕ. ಅಲ್ಲಿಂದ ಮಚವೆಯಲ್ಲಿ ಎಲ್ಲರಿಗೂ ಅವರು ಮೇಷ್ಟ್ರೇ.

ಮೊದಲ ದಿನ ನಾನು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಸಮುದ್ರಕ್ಕೆ ಕೊಟ್ಟೆ. ನಮ್ಮವರಿಗೆ ಏನೂ ಆಗಲಿಲ್ಲ. ಹಾಯಿ ಗಾಳಿ ತುಂಬಿಕೊಂಡು ಉಬ್ಬಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು, ಮೇಷ್ಟ್ರು ಎನ್ನುವುದು ಮರೆತು. ಮುರ್ಡೇಶ್ವರದ ಗುಡ್ಡ ದೂರದಿಂದಲೇ ಕಂಡೆವು. ಭಟ್ಕಳದಲ್ಲಿ ಉಪ್ಪು ಇಳಿಸುವಾಗ ಪೇಟೆಗೆ ಹೋಗಿ ನನಗೆ ಒಂದು ದಂಡೆ ಮಲ್ಲಿಗೆ ತಂದರು. ವಾಂತಿ ಮಾಡಿ ಮಾಡಿ ಬಾಡಿದ ಮುಖಕ್ಕೆ ಅಷ್ಟು ಮಲ್ಲಿಗೆ! ನನಗೆ ಸಂಕೋಚವೂ ಆಯಿತು, ಸಂತೋಷವೂ ಆಯಿತು. ನಮ್ಮ ಸಂಸಾರದಲ್ಲಿ ಅದಕ್ಕಿಂತ ಒಳ್ಳೆಯ ಸಂಜೆ ಯಾವುದೂ ಇಲ್ಲ.

ಮರುದಿನ ಸಂಜೆ ಗಂಗೊಳ್ಳಿಯ ಅಳಿವೆ ಸೇರಿದೆವು. ಅಳಿವೆ ಎಂದರೆ ಹೊಳೆ ಸಮುದ್ರಕ್ಕೆ ಬೀಳುವ ಬಾಯಿ. ಒಳಗೆ ಶಾಂತ, ಹೊರಗೆ ತೆರೆಗಳ ಅಬ್ಬರ. ಲಂಗರು ಹಾಕಿ ಮಲಗಿದೆವು. ಬೆಳಿಗ್ಗೆ ನಾನು ತಲೆಯೆತ್ತಲಾರದೆ ಬಿದ್ದಿದ್ದೆ. ನಮ್ಮವರು ಮಚವೆಗೆ ಕಟ್ಟಿದ್ದ ಪುಟ್ಟ ದೋಣಿ ಬಿಚ್ಚಿ, "ದಡದಿಂದ ಒಂದು ಎಳನೀರು ತರ್ತೀನಿ" ಅಂದರು. ತಂಡೇಲ ಬೇಡವೆಂದ. "ಶರಾವತಿ ದಡದಲ್ಲಿ ಹುಟ್ಟಿದವನಿಗೆ ಹುಟ್ಟು ಹಾಕೋದು ಹೇಳಿಕೊಡ್ಬೇಕಾ?" ಎಂದು ನಗುತ್ತ ಒಬ್ಬರೇ ಹೊರಟೇಬಿಟ್ಟರು.

ಅವರು ದಡ ಮುಟ್ಟಿದ್ದು ಕಂಡೆ. ಮರಳುವ ಹೊತ್ತಿಗೆ ಹೊಳೆಯ ಮೇಲಿಂದ ಮಂಜು ಇಳಿಯಿತು. ಮೊದಲು ತೆಂಗಿನ ಮರಗಳು ಹೋದವು, ಆಮೇಲೆ ದಡ, ಕೊನೆಗೆ ನಮ್ಮ ಮಚವೆಯದೇ ಮೂತಿ. ತಂಡೇಲ ನೀರಿಗೆ ಒಂದು ಚಿಪ್ಪು ಎಸೆದು ನೋಡಿದ. ಅದು ಸಮುದ್ರದ ಕಡೆಗೆ ತೇಲಿತು. ಇಳಿತ ಶುರುವಾಗಿತ್ತು. "ಬೇಗ ಕರೀಬೇಕಮ್ಮ. ನೀರು ಅವ್ರನ್ನ ಅಳಿವೆ ಬಾಯಿಗೆ ಎಳೀತದೆ" ಅಂದ.

ಸುತ್ತ ಲಂಗರು ಹಾಕಿದ್ದ ಎಲ್ಲ ದೋಣಿಗಳಲ್ಲೂ ಜನ ತಮ್ಮ ತಮ್ಮವರನ್ನು ಹೋಯ್ ಹೋಯ್ ಎಂದು ಕೂಗುತ್ತಿದ್ದರು. ತಂಡೇಲನ ದನಿ ಹತ್ತು ಮಾರು ದಾಟಲಿಲ್ಲ. ನಾನು ನಮ್ಮ ಕಾಡಿನ ರೀತಿಯಲ್ಲಿ "ಕೂ" ಹಾಕಿದೆ. ನಮ್ಮಲ್ಲಿ ಕಾಡಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಅಲ್ಲಿರುವಂಥದ್ದು ಆ ಹೆಸರು ಕಲಿತುಬಿಡುತ್ತದೆ, ಆಮೇಲೆ ಹೆಂಗಸಿನ ದನಿಯಲ್ಲಿ ಅದೇ ಕರೆಯುತ್ತದೆ, ಓಗೊಟ್ಟವನು ಕೆಟ್ಟ ಎನ್ನುತ್ತಾರೆ. ಎಡಗಡೆಯಿಂದ "ಕೂ" ಎಂದು ಉತ್ತರ ಬಂತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದಲೂ ಒಂದು ಬಂತು.

"ಬರೀ ಕೂ ಅಂದ್ರೆ ಯಾವನಾದ್ರೂ ಕೂ ಅಂತಾನೆ" ಎಂದು ತಂಡೇಲ ಗದರಿದ. "ಎತ್ತ ಹಗ್ಗ ಎಸೀಲಿ ನಾನು? ಹೆಸ್ರು ಹಿಡ್ದು ಕರೀರಿ. ಜೀವ ದೊಡ್ದೋ, ನಾಚ್ಕೆ ದೊಡ್ದೋ?"

ನಾನು ಹಾಯಿ ಕಟ್ಟುವ ಕೂವೆಮರ ಹಿಡಿದು ನಿಂತು ಅವರ ಹೆಸರು ಕೂಗಿದೆ. ಎರಡು ವರ್ಷ ಬಾಯೊಳಗೇ ಇದ್ದ ಹೆಸರು. ಒಂದು ಸಲ, ಎರಡು ಸಲ, ಮೂರು ಸಲ. ಮಂಜಿನಲ್ಲಿ ಅದು ನನ್ನ ದನಿಯಂತೆ ನನಗೇ ಕೇಳಲಿಲ್ಲ. ಬಲಗಡೆಯ "ಕೂ" ಬರುತ್ತಲೇ ಇತ್ತು, ಯಾವುದೋ ಬೇರೆ ದೋಣಿಯದು. ಎಡಗಡೆಯದು ನಿಂತುಹೋಯಿತು. ಅವರು ಮುಳುಗಿದರು, ಹೆಸರು ಹೇಳಿ ನಾನೇ ಮುಳುಗಿಸಿದೆ ಎಂದು ಅಲ್ಲೇ ಕುಸಿದೆ.

ಬಿಸಿಲೇರಿ ಮಂಜು ಹರಿದಾಗ ಅವರು ಕಂಡರು. ಎಡಗಡೆಯಲ್ಲೇ, ತೆರೆ ಒಡೆಯುವ ಜಾಗಕ್ಕೆ ಇನ್ನೇನು ನಾಲ್ಕು ಮಾರು. ಮೀನಿನ ದೋಣಿಯವರು ಹಗ್ಗ ಎಸೆದು ಮಚವೆಯ ಬಳಿಗೆ ಎಳೆದು ತಂದರು. ನಮ್ಮವರು ಬಾಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಮುಚ್ಚಿಕೊಂಡೇ ಇದ್ದರು. ಎಳನೀರು ಕಾಲ ಬುಡದಲ್ಲಿ ಉರುಳಾಡುತ್ತಿತ್ತು.

"ನೀನು ಕೂ ಹಾಕಿದ್ದು ಕೇಳ್ತು. ಓಗೊಟ್ಟೆ" ಅಂದರು, ಹಲ್ಲು ಕಟಕಟ ಎನ್ನುತ್ತಿತ್ತು. "ಆಮೇಲೆ ಅದು ಬಂತು. ನನ್ನ ಹೆಸ್ರು ಹಿಡಿದು ಕರೀತು ಮಾರಾಯ್ತಿ, ಮೂರು ಸಲ. ನಾನು ಉಸಿರು ಬಿಡ್ಲಿಲ್ಲ."

ತಂಡೇಲ, "ನಿಮ್ಮ ಹೆಂಡ್ತಿಯೇ ಕರ್ದದ್ದು ಮೇಷ್ಟ್ರೇ" ಅಂದ. ಅವರು ತಲೆ ಅಲ್ಲಾಡಿಸಿದರು. "ಇವಳು ನನ್ನ ಹೆಸ್ರು ಹೇಳೋಳಲ್ಲ" ಎಂದು ನನ್ನ ಮುಖ ನೋಡಿದರು. ಸುತ್ತ ಅಷ್ಟು ಗಂಡಸರು ನಿಂತಿದ್ದರು. ನಾನು ಹೌದು ಅನ್ನಲಿಲ್ಲ, ಕಾಲಡಿಯ ಹಲಗೆ ನೋಡಿದೆ. ಆ ಒಂದು ಗಳಿಗೆಯ ಸುಮ್ಮನಿರುವಿಕೆಗೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತೀರ್ಥಹಳ್ಳಿ ಮುಟ್ಟುವಷ್ಟರಲ್ಲಿ ಜ್ವರ ಬಂತು. ಅಮ್ಮ ಅವರ ತೋಳಿಗೆ ತಾಯತ ಕಟ್ಟಿಸಿದಳು. ಜ್ವರ ಬಿಟ್ಟಿತು, ಭಯ ಬಿಡಲಿಲ್ಲ. ಹೊಸನಗರಕ್ಕೆ ಬಂದ ಮೇಲೆ ಬೆಳಗಿನ ಮಂಜು ಕಂಡರೆ ಹೊಸ್ತಿಲು ದಾಟುತ್ತಿರಲಿಲ್ಲ. ಬೀದಿಯಲ್ಲಿ ಯಾವ ಹೆಂಗಸು ಯಾರನ್ನು ಕರೆದರೂ ನಿಂತಲ್ಲೇ ಕಲ್ಲಾಗುತ್ತಿದ್ದರು. ಶಾಲೆಗೆ ವಾರಗಟ್ಟಲೆ ರಜೆ ಹಾಕಿದರು. ಕೊನೆಗೆ, "ಕೆಲಸ ಬಿಡ್ತೀನಿ" ಅಂದರು. ಕೆಲಸ ಹೋದರೆ ಹೋಗಲಿ, ಮನುಷ್ಯ ನನ್ನ ಕಣ್ಣೆದುರೇ ಕರಗುತ್ತಿದ್ದರು. ಆಯುಸ್ಸು ಸವೆಯುವುದು ಎಂದರೆ ಇದೇ ಅಲ್ಲವೇ ಎನ್ನಿಸಿತು.

ಒಂದು ಮಧ್ಯಾಹ್ನ ಅನ್ನ ಬಡಿಸುತ್ತಿದ್ದೆ. ಸೌಟು ಕೆಳಗಿಟ್ಟು ಬಾಗಿಲು ಹಾಕಿದೆ. "ಅವತ್ತು ಕರ್ದದ್ದು ನಾನೇ. ಬೇಕಾದ್ರೆ ಕೇಳಿ" ಎಂದವಳೇ, ಗಂಗೊಳ್ಳಿಯಲ್ಲಿ ಕೂಗಿದ ಹಾಗೆಯೇ ಅವರ ಹೆಸರು ಹಿಡಿದು ಕರೆದೆ.

ಅವರ ಕೈಯ ತುತ್ತು ಎಲೆಗೆ ಬಿತ್ತು. "ಅದೇ" ಅಂದರು. "ಅದೇ ದನಿ." ನಾನು ಅಳುತ್ತ ಎಲ್ಲ ಹೇಳಿದೆ, ತಂಡೇಲ ಗದರಿದ್ದು, ನಾಚಿಕೆಯಿಂದ ಬಾಯಿ ಬಿಡದೆ ಹೋದದ್ದು. ಅವರು ಪೂರ್ತಿ ಕೇಳಿದರು. "ನಂಬಿದೆ ಮಾರಾಯ್ತಿ, ನಂಬಿದೆ" ಅಂದರು. ಆದರೆ ಹೇಳುತ್ತಲೇ ಮಣೆಯನ್ನು ಗೋಡೆಯ ಕಡೆಗೆ ಒಂದು ಗೇಣು ಸರಿಸಿಕೊಂಡರು.

ಮರುವಾರ ಶಾಲೆಗೆ ಹೋದರು. ಆಮೇಲೆ ಮೂವತ್ತು ವರ್ಷ ಚೆನ್ನಾಗಿಯೇ ಬಾಳಿದೆವು, ಮಕ್ಕಳಾದವು, ಅವರು ನನ್ನ ಮೇಲೆ ಒಂದು ದಿನ ದನಿ ಎತ್ತಲಿಲ್ಲ. ಆದರೆ ಹಿಂದಿನಿಂದ ನಾನು "ಕೇಳಿದ್ರಾ" ಎಂದು ಕರೆದರೆ, ತಿರುಗಿದವರು ಮೊದಲು ನನ್ನ ಮುಖ ನೋಡುತ್ತಿರಲಿಲ್ಲ. ಪಾದ ಹಿಂದುಮುಂದಾಗಿದೆಯೋ ಎಂದು ಕಾಲು ನೋಡಿ, ಆಮೇಲೆ ತಲೆಯೆತ್ತಿ, "ಎಂಥದು?" ಎನ್ನುತ್ತಿದ್ದರು.