ಬಾಣಂತಿ ಕುದುರೆಯ ತೊಟ್ಟಿ

ನನ್ನ ಎರಡನೇ ಹೆರಿಗೆ ಕಂಪ್ಲಿಯ ಗಂಡನ ಮನೆಯಲ್ಲೇ ಆಯಿತು. ಅದೇ ತಿಂಗಳು ಮನೆಯ ಕುದುರೆಯೂ ಈಯುವುದಿತ್ತು. ಹೊಸಪೇಟೆ, ಸಂಡೂರಿನ ಮದುವೆಗಳಲ್ಲಿ ಮದುಮಗನನ್ನು ಹೊತ್ತು ಮೆರೆಯುವ ಬಿಳಿ ಕುದುರೆ ಅದು, ಮಾವನ ಪ್ರಾಣ. ನಾನು ಬಸುರಿಯಾದ ಸುದ್ದಿಗೆ ಬರೀ ಹೂಂ ಅಂದಿದ್ದ ಮಾವ, ಅದು ಗಬ್ಬವಾಯಿತೆಂದು ಓಣಿಗೆಲ್ಲ ಪೇಡಾ ಹಂಚಿದ್ದರು.

ನನ್ನ ಬಾಣಂತಿ ಕೋಣೆಯ ಕಿಟಕಿ ಲಾಯದ ಕಡೆಗಿತ್ತು. ಕಿವಿಗೆ ಬಟ್ಟೆ ಕಟ್ಟಿಕೊಂಡು, ಮಂಚದ ಕೆಳಗಿನ ಕೆಂಡದ ಕಾವಿನಲ್ಲಿ ಬೇಯುತ್ತಿದ್ದ ನನಗೆ ನೋಡಲು ಇದ್ದದ್ದು ಅದೊಂದೇ. ಕುದುರೆಯ ಹೊಟ್ಟೆ ಕೆಳಗಿಳಿಯಿತು. ಬಾಲದ ಬುಡದ ಎರಡೂ ಬದಿ ಮೆತ್ತಗಾಗಿ ಕುಳಿ ಬಿತ್ತು. ಕೆಚ್ಚಲು ಬಿಗಿದು, ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟಿತು. ಮರುದಿನ ಮರಿ ಹಾಕಿತು.

ಅತ್ತೆಗೆ ಬಾಣಂತಿ ಅಂದರೆ ಬಾಣಂತಿ, ಕಾಲು ಎರಡಿದ್ದರೇನು ನಾಲ್ಕಿದ್ದರೇನು. ನೀರು ಹೆಚ್ಚು ಕುಡಿದರೆ ಹೊಟ್ಟೆ ಜೋತು ಬೀಳುತ್ತದೆ, ನಂಜಾಗುತ್ತದೆ ಎಂದು ನನಗೆ ಹೊತ್ತಿಗೊಂದು ಲೋಟ ಬಿಸಿನೀರು ಕೊಡುತ್ತಿದ್ದರು. ಕುದುರೆಗೂ ಅದೇ ಪಥ್ಯ ಹಾಕಿದರು. ಹಸಿಹುಲ್ಲು ಬಂದ್. ಒಣಮೇವು, ಶುಂಠಿ ಬೆಲ್ಲ, ಮೇಲೆ ಉಗುರುಬೆಚ್ಚಗಿನ ಅರ್ಧ ಬಕೆಟ್ ನೀರು. ಕೇಡು ಬಯಸಿ ಮಾಡಿದ್ದಲ್ಲ, ಅದೇ ನನಗೆ ಇವತ್ತಿಗೂ ನುಂಗಲಾಗದ್ದು.

ಕುದುರೆಯ ಪಕ್ಕೆಲುಬು ಎದ್ದವು. ಮರಿ ಕೆಚ್ಚಲಿಗೆ ಗುದ್ದಿ ಗುದ್ದಿ ಸೋತು ನಿಲ್ಲುತ್ತಿತ್ತು. ಇತ್ತ ನನ್ನ ಮಗನೂ ಎದೆ ಚೀಪಿ ಚೀಪಿ ಅಳುತ್ತಿದ್ದ. "ಇಕಿ ಎದಿಯಾಗ ಹಾಲ ಇಲ್ಲ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ಕುದುರೆಯನ್ನು ಯಾರೂ ಹಾಗೆ ಆಡಿಕೊಳ್ಳಲಿಲ್ಲ. ಅದಕ್ಕೆ ಮಾವ ಹೊಸಪೇಟೆಯಿಂದ ದನದ ಡಾಕ್ಟರನ್ನು ಕರೆತಂದರು.

ಡಾಕ್ಟರು ಬರಿದಾದ ತೊಟ್ಟಿ ನೋಡಿ ರೇಗಿದರು. "ಹಾಲು ಕುಡಿಸೋ ಕುದುರಿಗೆ ನೀರು ನಿಲ್ಸೀರಲ್ರೀ! ಮೊದ್ಲಿಗಿಂತ ಭಾಳ ನೀರು ಬೇಕದಕ್ಕ. ಮೇವು ಸಾಲ್ದಿದ್ರ ತನ್ನ ಮೈ ಕರಗಿಸಿ ಹಾಲು ಮಾಡ್ತದ, ನೀರೂ ಇಲ್ಲಂದ್ರ ಹಾಲು ಎಲ್ಲಿಂದ ಬರಬೇಕ್ರಿ? ತೊಟ್ಟಿ ಯಾವಾಗ್ಲೂ ತುಂಬಿರ್ಲಿ."

ಮಾವ ತಾವೇ ಪೈಪು ಎಳೆದು ತೊಟ್ಟಿ ತುಂಬಿಸಿದರು. ಕುದುರೆ ತಲೆ ಎತ್ತದೆ ಕುಡಿಯಿತು. ಆ ಸದ್ದಿಗೆ ನನ್ನ ಗಂಟಲು ಉರಿಯಿತು.

"ಅತ್ತೀ, ನನಗೂ ಒಂದು ಚೆಂಬು ನೀರು ಕೊಡ್ರೀ. ಡಾಕ್ಟ್ರು ಅಂದಿದ್ದು ಕೇಳಿದ್ರಲ್ಲ."

"ಅವ್ರು ದನದ ಡಾಕ್ಟ್ರು. ನೀ ಏನು ದನ ಅದೀಯಾ?"

ಪಕ್ಕದಲ್ಲಿದ್ದ ಗಂಡ ಮೊಬೈಲಿನಿಂದ ಕಣ್ಣೆತ್ತಲಿಲ್ಲ.

ಮಧ್ಯಾಹ್ನ ಎಲ್ಲರೂ ಅಡ್ಡಾದ ಮೇಲೆ ಹಿಂಬಾಗಿಲಿನಿಂದ ಲಾಯಕ್ಕೆ ಹೋದೆ. ಕುದುರೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಿತು. ತೊಟ್ಟಿಯಿಂದ ಬೊಗಸೆ ಬೊಗಸೆಯಾಗಿ ಕುಡಿದೆ, ಸೆರಗೆಲ್ಲ ತೊಯ್ಯುವಷ್ಟು. ನಾಚಿಕೆ ಆಗಲಿಲ್ಲ, ಸಿಟ್ಟಿತ್ತು. ತಿರುಗಿದರೆ ಅತ್ತೆ ನಿಂತಿದ್ದರು. ನನಗೆ ಬೈಯುತ್ತಾರೆಂದುಕೊಂಡೆ. ಅವರು ಮಾವನನ್ನು ಕೂಗಿದರು.

"ಬಾಣಂತಿ ಕೈ ಹಾಕ್ಯಾಳ್ರೀ ನೀರಿನಾಗ. ಚೆಲ್ಲಿ ಬ್ಯಾರೆ ತುಂಬ್ರಿ, ಕುದುರಿಗೆ ನಂಜಾದೀತು."

ಮಾವ ಎದ್ದು ಬಂದರು. ನನ್ನ ಕಣ್ಣೆದುರೇ ತೊಟ್ಟಿಯ ನೀರನ್ನೆಲ್ಲ ಬಕೆಟ್ಟಿನಿಂದ ಮೊಗೆದು ಅಂಗಳಕ್ಕೆ ಚೆಲ್ಲಿದರು. ಆಮೇಲೆ ತೊಟ್ಟಿ ತಿಕ್ಕಿ ತೊಳೆದು, ಕುದುರೆಗೆ ಹೊಸ ನೀರು ಬಿಟ್ಟರು.