ಆರುದಾರಿಯಲ್ಲಿ ನಿಂತ ಭಾವ

ನನ್ನ ಭಾವ ಕಾರು ಕಲಿಸುವ ಮೇಷ್ಟ್ರು. ಮೂವತ್ತು ವರ್ಷದಿಂದ ಊರಿನ ಮುಕ್ಕಾಲು ಪಾಲು ಜನಕ್ಕೆ ಸ್ಟೇರಿಂಗ್ ಹಿಡಿಯಲು ಹೇಳಿಕೊಟ್ಟವರು, ಒಬ್ಬರಿಗೂ ಬೈದವರಲ್ಲ. ಶಿಷ್ಯನೊಬ್ಬ ಕಾರನ್ನು ಕ್ಷೌರದಂಗಡಿಯ ಬಾಗಿಲಿಗೆ ಗುದ್ದಿದಾಗಲೂ, "ಪರವಾಗಿಲ್ಲ, ಹೇಗೂ ಕಟಿಂಗ್ ಮಾಡಿಸ್ಬೇಕಿತ್ತು" ಎಂದು ಇಳಿದು ಹೋಗಿ ಕುರ್ಚಿಯಲ್ಲಿ ಕೂತವರು. ಅವರ ಕಾರಿನ ಬೆನ್ನಿಗೆ 'ತಾಳಿದವನು ಬಾಳಿಯಾನು' ಎಂದು ದಪ್ಪಕ್ಷರದಲ್ಲಿ ಬರೆದಿದೆ. ಅದರ ಹಿಂದೆ ಸಿಕ್ಕಿಕೊಂಡವರು ಬಾಳಿದ್ದನ್ನು ನಾನು ಕಂಡಿಲ್ಲ, ತಾಳಿದ್ದನ್ನು ಮಾತ್ರ ದಿನಾ ಕಂಡಿದ್ದೇನೆ.

ಊರಿನ ನಡುವೆ ಆರು ರಸ್ತೆಗಳು ಒಂದೇ ಕಡೆ ಬಂದು ಕೂಡುತ್ತವೆ. ಸಿಗ್ನಲ್ ಇಲ್ಲ. ಆ ಆರುದಾರಿಯೇ ಭಾವನ ಪಾಠಶಾಲೆ. "ಯಾವ ದಾರೀಲಿ ಹೊರಗೆ ಹೋಗ್ಬೇಕು ಅಂತ ಮೊದ್ಲೇ ಯೋಚನೆ ಮಾಡ್ಕೊಳ್ಳಿ. ನಿಧಾನ ಮಾಡಿ. ಬಲಗಡೆಯವರಿಗೆ ದಾರಿ ಬಿಡಿ. ಅವರ ಕಣ್ಣು ನೋಡಿ. ಒಳಗೆ ಹೋದ್ಮೇಲೆ ನಡುವೆ ನಿಲ್ಲಬೇಡಿ." ಎಲ್ಲವೂ ಬಂಗಾರದಂಥ ಮಾತು. ಆದರೆ ಕೊನೆಗೆ ಒಂದು ಸೇರಿಸುತ್ತಿದ್ದರು: "ಅನುಮಾನ ಬಂದ್ರೆ ಕೈ ಬೀಸಿ, ನೀವು ಮೊದ್ಲು ಹೋಗಿ ಅನ್ನಿ." ಭಾವನಿಗೆ ಅನುಮಾನ ಬರದ ದಿನವೇ ಇರಲಿಲ್ಲ.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮ್ಮಕ್ಕ ಮೂರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದಳು. ಮೊದಲ ಸಲ ಆರುದಾರಿಯಲ್ಲಿ ಅವಳು ಎಲ್ಲರಿಗೂ ದಾರಿ ಬಿಟ್ಟು ಮುಗಿಸುವಷ್ಟರಲ್ಲಿ ಇನ್‌ಸ್ಪೆಕ್ಟರು ಪೇಪರು ಪೂರ್ತಿ ಓದಿ ಮಡಚಿಟ್ಟಿದ್ದರು. ಎರಡನೇ ಸಲ ಅವರಿಗೆ ನಿದ್ದೆ ಹತ್ತಿತು. ಮೂರನೇ ಸಲ ಅವರು ಇಳಿದು ನಡೆದೇ ಆಫೀಸಿಗೆ ಹೋದರು.

ಈ ಸಲ ಮಾತ್ರ ಆಟವಲ್ಲ. ಇಪ್ಪತ್ತು ವರ್ಷ ಒಂದನೇ ತರಗತಿಗೆ ಪಾಠ ಹೇಳಿದ ಅಕ್ಕನಿಗೆ ಊರಾಚೆಯ ಶಾಲೆಯಲ್ಲಿ ಹೆಡ್‌ಮಿಸ್ ಕೆಲಸ ಸಿಕ್ಕಿತ್ತು. ಆ ಕಡೆ ಬಸ್ಸಿಲ್ಲ. ಸೋಮವಾರದೊಳಗೆ ಲೈಸೆನ್ಸ್ ಬರದಿದ್ದರೆ ಆ ಕುರ್ಚಿ ಇನ್ನೊಬ್ಬರ ಪಾಲು. ಭಾವನೇ ಬಿಟ್ಟು ಬರಬಹುದಲ್ಲ ಅಂತೀರಾ? ಭಾವ ಬಿಟ್ಟರೆ ಅಕ್ಕ ಶಾಲೆ ತಲುಪುವುದು ಮಕ್ಕಳೆಲ್ಲ ಮನೆಗೆ ಹೊರಟ ಮೇಲೆ.

"ನೀವು ಮಾತ್ರ ಆ ಕಡೆ ತಲೆ ಹಾಕ್ಬೇಡಿ" ಎಂದು ಭಾವನಿಗೆ ಹೇಳಿಯೇ ಅಕ್ಕ ಪರೀಕ್ಷೆಗೆ ಹೊರಟಳು. ಭಾವನಿಗೆ ಮನಸ್ಸು ತಡೆಯಬೇಕಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹಿಂದಿನ ಬೀದಿಯಿಂದ ತಮ್ಮ ಬಿಳಿ ಕಾರನ್ನು ಆರುದಾರಿಗೇ ತಂದರು. ನಾವು ಬಂದು ನಿಂತದ್ದೂ ಎದುರಿನ ರಸ್ತೆಯಲ್ಲಿ ಪರೀಕ್ಷೆಯ ಕಾರಿನಲ್ಲಿ ಅಕ್ಕ, ಪಕ್ಕದಲ್ಲಿ ಇನ್‌ಸ್ಪೆಕ್ಟರು, ಬಂದು ನಿಂತದ್ದೂ ಒಂದೇ ಆಯಿತು. ಉಳಿದ ನಾಲ್ಕು ರಸ್ತೆಗಳಲ್ಲಿ ಹಲ್ಲಿನ ಡಾಕ್ಟರು, ಬ್ರೆಡ್ಡಿನ ವ್ಯಾನು, ಸೋಫಾ ಹೊತ್ತ ಲಾರಿ, ಅಂಚೆ ವ್ಯಾನು.

ಅಷ್ಟೂ ಜನ ಭಾವನ ಶಿಷ್ಯರು.

ಡಾಕ್ಟರು ಬ್ರೆಡ್ಡಿಗೆ ಕೈ ಬೀಸಿದರು. ಬ್ರೆಡ್ಡು ಸೋಫಾಗೆ ಬೀಸಿತು. ಸೋಫಾ ಅಂಚೆಗೆ, ಅಂಚೆ ಅಕ್ಕನಿಗೆ, ಅಕ್ಕ ನಮಗೆ. ಭಾವ ಎಲ್ಲರಿಗೂ. ಆರು ಜನಕ್ಕೂ ಬಲಗಡೆ ಒಬ್ಬರು ಇದ್ದೇ ಇದ್ದರು. ಐದು ನಿಮಿಷವಾದರೂ ಒಂದು ಚಕ್ರ ಅಲುಗಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂದರೆ ಇದೇ ಎಂದುಕೊಂಡೆ. ಇನ್‌ಸ್ಪೆಕ್ಟರು ಪೇಪರು ಬಿಡಿಸಿದ್ದು ಇಲ್ಲಿಂದಲೇ ಕಂಡಿತು. ನಮ್ಮಕ್ಕನ ಕುರ್ಚಿ ಹೋಯಿತಲ್ಲ!

ಆಗ ಅಕ್ಕ ಕಿಟಕಿಯ ಗಾಜು ಇಳಿಸಿದಳು. ತಲೆ ಹೊರಗೆ ಹಾಕಿ, ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸುವ ಗಂಟಲು ತೆಗೆದಳು.

"ಎಲ್ಲಾರೂ ಇಲ್ಲಿ ನೋಡಿ. ಡಾಕ್ಟ್ರೇ, ಮೊದ್ಲು ನೀವು. ಆಮೇಲೆ ಬ್ರೆಡ್ಡು. ಸೋಫಾ, ನಿಧಾನ, ತಳ್ಳಾಟ ಬೇಡ. ಅಂಚೆ ಹೋದ್ಮೇಲೆ ನಾನು. ಆ ಬಿಳೀ ಕಾರಿನವರು ಕೈ ಇಳಿಸಿ. ನಿಮ್ಮದು ಕೊನೇಗೆ."

ಭಾವ ಕೈ ಇಳಿಸಿದರು.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಅಕ್ಕ ಬಲಗಡೆ ನೋಡಿದಳು, ಇಂಡಿಕೇಟರ್ ಹಾಕಿದಳು, ನಡುವೆ ಎಲ್ಲೂ ನಿಲ್ಲದೆ ಸಾಗಿ ಲೈಸೆನ್ಸ್ ಆಫೀಸಿನ ಬೀದಿಗೆ ತಿರುಗಿಕೊಂಡಳು.

ಆರುದಾರಿ ಬಟಾಬಯಲಾಯಿತು. ಆದರೂ ನಮ್ಮ ಕಾರು ಅಲುಗಲಿಲ್ಲ.

"ಭಾವ, ಈಗ ಒಂದು ನಾಯೀನೂ ಇಲ್ಲ. ಹೋಗಿ" ಎಂದೆ.

ಭಾವನ ಕಣ್ಣಿನಲ್ಲಿ ನೀರು. "ಇಷ್ಟು ವರ್ಷ ಅವಳಿಗೆ ನಿಲ್ಲೋದೊಂದೇ ಕಲಿಸಿದೆ ಕಣೋ. ಹೋಗೋದನ್ನ ಅವಳೇ ಕಲ್ತಳು ನೋಡು" ಎಂದರು. ಹೆಮ್ಮೆಗೋ ಸಂಕಟಕ್ಕೋ, ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತರು. ಬೈಯಬೇಕೆಂದಿದ್ದವನು ಕರವಸ್ತ್ರ ತೆಗೆದು ಕೊಟ್ಟೆ.

ಅಷ್ಟರಲ್ಲಿ ಆಫೀಸಿನ ಬೀದಿಯಿಂದ ಅಕ್ಕ ಕೈಯಲ್ಲಿ ಕಾಗದ ಹಿಡಿದು ನಡೆದು ಬಂದಳು. ಪಾಸಾಗಿದ್ದಳು. ಆ ಕಾಗದವನ್ನು ಭಾವನ ತೊಡೆಯ ಮೇಲಿಟ್ಟು ಅವರ ಕಡೆಯ ಬಾಗಿಲು ತೆಗೆದಳು. ನಾನು ತೆಪ್ಪಗೆ ಹಿಂದಿನ ಸೀಟಿಗೆ ಹೋದೆ.

"ರೀ, ಆ ಕಡೆ ಸರೀರಿ" ಎಂದಳು ಅಕ್ಕ. "ಅಳೋದಿದ್ರೆ ಮನೇಲಿ ಅಳಿ. ಹಿಂದೆ ಬಸ್ಸು ನಿಂತಿದೆ."