ಆಚೆ ದಡದಲ್ಲಿ ತಂಗಿ

ನಮ್ಮ ಬೀದಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಯನ್ನು ಎಲ್ಲರೂ ಗುಬ್ಬಿ ಎಂದೇ ಕರೆಯುತ್ತಾರೆ. ದಿನವಿಡೀ ಒಡೆದ ಪರದೆ ಬದಲಿಸಿ, ಊದಿಕೊಂಡ ಬ್ಯಾಟರಿ ಕಿತ್ತು, ಕಣ್ಣು ಕೆಂಪು ಮಾಡಿಕೊಂಡು ಮನೆ ಸೇರುವವಳು. ಹಾಗಾಗಿ ತಂಗಿಯ ಜೊತೆ ತಿರುಗಾಟಕ್ಕೆ ಹೊರಟಾಗ ಅವಳದು ಒಂದೇ ಹಟ: ಸಂಜೆ ಅಮ್ಮನ ಜೊತೆ ಮಾತಾಡುವ ಹೊತ್ತು ಬಿಟ್ಟರೆ ಇಬ್ಬರ ಮೊಬೈಲೂ ಆರಿಸಿ ಬ್ಯಾಗಿನಲ್ಲಿಡಬೇಕು.

"ಹಾಗಾದ್ರೆ ನಾವು ಹೋಗಿದ್ದು ಯಾರಿಗಕ್ಕಾ ಗೊತ್ತಾಗುತ್ತೆ?" ತಂಗಿ ಮುಖ ಊದಿಸಿದಳು.

"ನಮಗೆ ಗೊತ್ತಾದ್ರೆ ಸಾಲದೇನೇ?"

ಮಾರನೆಯ ಮಧ್ಯಾಹ್ನ ಸರೋವರದ ದಡದಲ್ಲಿ ಎಡವಟ್ಟಾಯಿತು. ಗುಬ್ಬಿ ನೀರು ತರಲು ಹೋಗಿದ್ದಳು. ಅಕ್ಕ ಆಗಲೇ ಆಚೆ ದಡದ ದೋಣಿ ಹತ್ತಿ ಕುಳಿತಿರಬೇಕೆಂದುಕೊಂಡು ತಂಗಿಯೂ ಏರಿದಳು. ಬ್ಯಾಗೂ ಅವಳ ಹೆಗಲಲ್ಲೇ. ಗುಬ್ಬಿ ಓಡಿ ಬರುವಷ್ಟರಲ್ಲಿ ದೋಣಿ ತೆಳುಮಂಜಿನೊಳಗೆ ಕರಗಿತ್ತು.

ಟಿಕೆಟ್ ಕೊಡುವಾತನ ಫೋನು ಕೇಳಿ ಪಡೆದಳು. ಬೆರಳು ಅಲ್ಲೇ ನಿಂತಿತು. ಕಂಡವರ ಫೋನು ಬಿಚ್ಚಿ ಜೋಡಿಸುವವಳಿಗೆ ತಂಗಿಯ ನಂಬರೇ ಬಾಯಿಗೆ ಬರಲೊಲ್ಲದು. ನೆನಪಿದ್ದದ್ದು ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ಅಮ್ಮನ ನಂಬರೊಂದೇ.

"ನಿನ್ನ ತಂಗಿ ಈಗಷ್ಟೇ ಅತ್ಕೊಂಡು ಫೋನ್ ಮಾಡಿದ್ಲು ಕಣೇ. ಆಚೆ ದಡದಲ್ಲಿದ್ದಾಳೆ, ವಾಪಸ್ ದೋಣಿ ಸಾಯಂಕಾಲಾನೇ ಅಂತೆ. ಇಬ್ರೂ ಇದ್ದಲ್ಲೇ ಇರಿ," ಎಂದ ಅಮ್ಮ ಅದೇ ಉಸಿರಿನಲ್ಲಿ ಕೇಳಿದಳು: "ಊಟ ಆಯ್ತಾ?"

ಗುಬ್ಬಿಗೆ ಅಳುವಿನ ನಡುವೆಯೇ ನಗು ಬಂತು.

ಆಮೇಲೆ ಮಾಡಲು ಏನೂ ಇರಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ನೀರು ಕಲ್ಲನ್ನು ಮುಟ್ಟಿ ಮುಟ್ಟಿ ಹಿಂದೆ ಸರಿಯುತ್ತಿತ್ತು. ಆಚೆ ದಡ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲವಾಗುತ್ತಿತ್ತು. ಬಿಳಿ ಹಕ್ಕಿಯೊಂದು ಮಂಜಿನಿಂದ ಬಂದು ಮಂಜಿಗೇ ಹೋಯಿತು. ಅಲ್ಲೂ ಒಬ್ಬಳು ಇತ್ತಲೇ ನೋಡುತ್ತ ಕುಳಿತಿದ್ದಾಳೆ ಎನಿಸಿದಾಗ, ಒಂದೇ ಹೊದಿಕೆಯೊಳಗೆ ಇಬ್ಬರೂ ಪಿಸುಗುಟ್ಟುತ್ತಿದ್ದ ದಿನಗಳು ನೆನಪಾದವು. ಎಚ್ಚರವೋ ಮಂಪರೋ ತಿಳಿಯದಂತೆ ಹೊತ್ತು ಜಾರಿತು.

ದೋಣಿ ದಡ ಮುಟ್ಟುವ ಮೊದಲೇ ತಂಗಿ ಜಿಗಿದಳು.

"ಕಣ್ಣೆಲ್ಲಿಟ್ಟಿದ್ಯೇ?" ಗುಬ್ಬಿ ಗದರಿ, ಬಿಗಿದಪ್ಪಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ತಂಗಿ ಮೆಲ್ಲಗೆ ಅಂದಳು: "ಫೋನು ಕೈಯಲ್ಲೇ ಇತ್ತು ಕಣಕ್ಕಾ. ಒಂದು ಫೋಟೋನೂ ತೆಗೀಲಿಲ್ಲ. ನೀನಿರೋ ಕಡೇನೇ ನೋಡ್ತಾ ಕೂತ್ಬಿಟ್ಟೆ."

ಗುಬ್ಬಿಯೂ ಹಟ ಸಡಿಲಿಸಿದಳು. ಅಂದಿನಿಂದ ಇಬ್ಬರ ಮೊಬೈಲೂ ಅವರವರ ಜೇಬಿನಲ್ಲಿ, ಸದ್ದಿಲ್ಲದೆ, ಆದರೆ ಆರಿಸದೆ. ಮರಳುವ ಬಸ್ಸಿನಲ್ಲಿ ಒಬ್ಬರ ನಂಬರನ್ನು ಒಬ್ಬರು ಮಗ್ಗಿಯಂತೆ ಒಪ್ಪಿಸಿದರು. ಕಿಟಕಿಯಾಚೆ ಬೆಟ್ಟಗಳು ತೂಕಡಿಸುತ್ತ ಹಿಂದೆ ಸರಿಯುತ್ತಿದ್ದವು. ಕೊನೆಯ ಅಂಕಿ ತಪ್ಪಾಗಿ ಹೇಳಿದ ತಂಗಿ, ತಿದ್ದುವ ಮೊದಲೇ ಅಕ್ಕನ ಹೆಗಲಿಗೊರಗಿ ನಿದ್ದೆಹೋದಳು.